ಹುಡುಗರ ದಾರಿಯಲ್ಲಿ ನಶೆ ಸಿಗದಂತೆ: ಮುಂಬಯಿ ಚಾಳಿನಲ್ಲಿ ಕೂಟ ಕಟ್ಟಿದ ಅನುಭವ

ಜೂನ್ 26 ಬಂತೆಂದರೆ ಮುಂಬಯಿಯ ಗಲ್ಲಿಗಲ್ಲಿಯಲ್ಲಿ ನಶೆ ವಿರೋಧಿ ಜಾಥಾ ಹೊರಡುತ್ತದೆ. ಬ್ಯಾನರ್, ಘೋಷಣೆ, ಫೋಟೊ. ಮಾರನೇ ದಿನ ಶಾಲೆಯ ಹಿಂದಿನ ಗಲ್ಲಿಯಲ್ಲಿ ಮಾವಾ (ಅಡಿಕೆ, ತಂಬಾಕು, ಸುಣ್ಣದ ಮಿಶ್ರಣ) ತಿಕ್ಕುವ ಗಾಡಿ ಎಂದಿನಂತೆ ನಿಂತಿರುತ್ತದೆ. ಸಾಕಿನಾಕಾ, ಅಸಲ್ಫಾ ಸುತ್ತಿನ ಚಾಳ್‌ಗಳಲ್ಲಿ ಕನ್ನಡ, ತುಳು ಮನೆಗಳ ಹುಡುಗರ ನಡುವೆ ಕೆಲಸ ಮಾಡುತ್ತ ನಾವು ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಹುಡುಗನಿಗೆ ಬುದ್ಧಿ ಹೇಳುವ ಮುಂಚೆ ಅವನು ದಿನಾ ನಡೆಯುವ ದಾರಿಯನ್ನು ಸರಿಪಡಿಸಬೇಕು. ಎಲ್ಲಿ ಸಿಗುತ್ತದೆ, ಯಾರು ಉದ್ರಿ ಕೊಡುತ್ತಾರೆ, ಯಾವ ಹೊತ್ತಿನಲ್ಲಿ ಅವನು ಒಂಟಿ. ಈ ಮೂರು ಬದಲಾಗದೆ ಎಷ್ಟು ಭಾಷಣ ಕೊಟ್ಟರೂ ನೀರಲ್ಲಿ ಹೋಮ ಮಾಡಿದ ಹಾಗೆ.

ಇದು ಒಬ್ಬರ ಕೈಲಾಗುವ ಕೆಲಸವಲ್ಲ. ಊರಿನ ಬೇರೆ ಬೇರೆ ಕೈಗಳು ಸೇರಿ ಕೂಟ ಕಟ್ಟುವ ಪದ್ಧತಿಗೆ ಅಮೆರಿಕದಲ್ಲಿ 1997ರಲ್ಲೇ ಕಾಯಿದೆಯ ಬೆಂಬಲ ಸಿಕ್ಕಿತು. ಆ ಅನುದಾನ ಬೇಕಾದ ಕೂಟದಲ್ಲಿ 12 ವಲಯದವರು ಇರಲೇಬೇಕು: ಯುವಕರು, ಹೆತ್ತವರು, ವ್ಯಾಪಾರಿಗಳು, ಶಾಲೆ, ಪೊಲೀಸ್, ವೈದ್ಯರು, ಧಾರ್ಮಿಕ ಸಂಘ, ಮಾಧ್ಯಮ ಇತ್ಯಾದಿ. ಆ ಪಟ್ಟಿಯನ್ನು ಇಲ್ಲಿ ಹಾಗೇ ಇಳಿಸಲು ಹೋದರೆ ಮೊದಲ ಸಭೆಗೆ 40 ಜನ ಬರುತ್ತಾರೆ, ಮೂರನೆಯದಕ್ಕೆ ನಾಲ್ಕು. ಎಂಟು ಜನರಿಂದ ಶುರು ಮಾಡಿ. ಭಜನಾ ಮಂಡಳಿಯ ಒಬ್ಬರು, ರಾತ್ರಿಶಾಲೆಯ ಮಾಸ್ತರರು, ಒಬ್ಬ ಹೋಟೆಲ್ ಮಾಲಕರು, ಮೆಡಿಕಲ್ ಅಂಗಡಿಯವರು, ಚಾಳಿನ ಮಹಿಳಾ ಮಂಡಳದ ಒಬ್ಬ ತಾಯಿ, ಗಲ್ಲಿಯ ಡಾಕ್ಟರು, 18ರಿಂದ 22 ವಯಸ್ಸಿನ ಒಬ್ಬ ಹುಡುಗ, ಒಬ್ಬ ಹುಡುಗಿ. ಪೊಲೀಸರು ಸದಸ್ಯರಾಗುವುದು ಬೇಡ, ಮೂರು ತಿಂಗಳಿಗೊಮ್ಮೆ ಕರೆದರೆ ಸಾಕು. ಕಾರಣ ಮುಂದೆ ಹೇಳುತ್ತೇನೆ. ನಗರಸೇವಕರ ಬ್ಯಾನರ್ ಕೂಡ ಬೇಡ. ಚುನಾವಣೆ ಬಂದಾಗ ಅರ್ಧ ಜನ ಕೂಟ ಬಿಟ್ಟು ಹೋಗುತ್ತಾರೆ.

ಸಭೆಯ ಹೊತ್ತು ಮುಖ್ಯ. ಮಧ್ಯಾಹ್ನ ಮೂರೂವರೆಗೆ ಇಡಿ. ಹೋಟೆಲಿನವರಿಗೆ ಮೂರರಿಂದ ಆರರ ತನಕ ಬಿಡುವು, ಡಾಕ್ಟರ ದವಾಖಾನೆ ಮುಚ್ಚಿರುತ್ತದೆ, ರಾತ್ರಿಶಾಲೆ ಇನ್ನೂ ಶುರುವಾಗಿರುವುದಿಲ್ಲ. ಮುಕ್ಕಾಲು ಗಂಟೆ ಸಾಕು. ಬರಹ ಒಂದೇ ಪುಟ: ಏನು, ಯಾರು, ಯಾವ ತಾರೀಕಿನೊಳಗೆ. ಯಾವ ಹುಡುಗನ ಹೆಸರನ್ನೂ ಸಭೆಯಲ್ಲಿ ಎತ್ತಬಾರದು, ಬರೆಯಲೂಬಾರದು. ಚಾಳಿನ ಗೋಡೆ ತೆಳುವು. ಒಂದು ಹೆಸರು ಹೊರಗೆ ಹೋದರೆ ಆ ಮನೆಯವರಿರಲಿ, ಸುತ್ತಲ ಹತ್ತು ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ.

ಮೊದಲ ಎರಡು ತಿಂಗಳು ಯಾವ ಕಾರ್ಯಕ್ರಮವೂ ಬೇಡ, ಬರೀ ನೋಡುವುದು. ನಾವು ಕಸದಿಂದ ಶುರು ಮಾಡಿದೆವು. ಭಾನುವಾರ ಬೆಳಗ್ಗೆ ಆರಕ್ಕೆ, ಪಾಲಿಕೆಯ ಗುಡಿಸುವವರು ಬರುವ ಮುಂಚೆ, ಗುರುತು ಮಾಡಿದ ಹತ್ತು ಜಾಗಗಳಲ್ಲಿ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಚೌಕದೊಳಗೆ ಬಿದ್ದದ್ದನ್ನು ಎಣಿಸುವುದು. ಸಾರ್ವಜನಿಕ ಸಂಡಾಸಿನ ಹಿಂದೆ, ನೀರಿನ ಟಾಕಿಯ ಮೇಲೆ ಹತ್ತುವ ಮೆಟ್ಟಿಲು, ಶಾಲೆಯ ಕಂಪೌಂಡು, ನಿಂತ ಟೆಂಪೊಗಳ ಸಾಲು. ಮಾವಾದ ಗುರುತು ಬೇಗ ಸಿಗುತ್ತದೆ: ಅಡಿಕೆ ಹೆರಕಲು, ತಂಬಾಕು, ಸುಣ್ಣ ಹಾಕಿ ತಿಕ್ಕಿದ ತೆಳು ಪ್ಲಾಸ್ಟಿಕ್ ತುಂಡು, ಅಂಗೈಯಷ್ಟು, ಒಳಗೆ ಕಂದು ಕಲೆ, ಒಂದು ಮೂಲೆಯಲ್ಲಿ ರಬ್ಬರ್ ಬ್ಯಾಂಡ್. ಗಾಂಜಾ ಸೇದಿದಲ್ಲಿ ಗೋಗೋ ಪೇಪರಿನ (ಸುತ್ತಿ ಸೇದುವ ಕಾಗದದ) ಖಾಲಿ ಪೊಟ್ಟಣ ಮತ್ತು ಉದುರಿಸಿದ ಸಿಗರೇಟಿನ ತಂಬಾಕು. ಗುಳಿಗೆಗಾದರೆ ಖಾಲಿ ಸ್ಟ್ರಿಪ್. ಅದರ ಹಿಂಬದಿಯ ಹೆಸರು ಓದಿಕೊಳ್ಳಿ, ನಿದ್ದೆ ಬರಿಸುವ ನೈಟ್ರಾಜೆಪಾಮ್ ಅಥವಾ ಅಲ್ಪ್ರಾಜೋಲಾಮ್ ಇದ್ದರೆ ಗಲ್ಲಿಯ ಭಾಷೆಯಲ್ಲಿ ಅದೇ ‘ಬಟನ್’. ಕೆಮ್ಮಿನ ಸಿರಪ್ ಬಾಟಲಿ, ವೈಟ್ನರ್ ಥಿನ್ನರ್ ಸೀಸೆ, ಪಂಕ್ಚರ್ ಸೊಲ್ಯೂಷನ್ ಟ್ಯೂಬಿನ ಜೊತೆ ಗಟ್ಟಿಯಾದ ಕರವಸ್ತ್ರ. ಕೈಗೆ ದಪ್ಪ ಗ್ಲೌಸು, ಉದ್ದ ಚಿಮಟ ಇರಲಿ. ಸೂಜಿ ಕಂಡರೆ ಮುಚ್ಚಳ ಹಾಕಲು ಹೋಗಬೇಡಿ, ಚಿಮಟದಲ್ಲಿ ಎತ್ತಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಡಾಕ್ಟರ ಬಳಿ ಕೊಡಿ. ಹದಿನೆಂಟರ ಒಳಗಿನವರನ್ನು ಈ ಕೆಲಸಕ್ಕೆ ಕರೆದುಕೊಂಡು ಹೋಗಬೇಡಿ.

ನಾಲ್ಕು ಭಾನುವಾರದ ಲೆಕ್ಕವನ್ನು ಕೈಯಲ್ಲಿ ಬರೆದ ಗಲ್ಲಿಯ ನಕ್ಷೆಯ ಮೇಲೆ ಬಣ್ಣದ ಬಿಂದಿಗಳಲ್ಲಿ ಅಂಟಿಸಿ. ಎಲ್ಲ ಕಡೆ ನಶೆ ಇದೆ ಎಂದು ವರ್ಷಗಟ್ಟಲೆ ಹೇಳುತ್ತಿದ್ದವರಿಗೆ ಆ ನಕ್ಷೆಯಲ್ಲಿ ಮೂರು ನಾಲ್ಕು ಜಾಗಗಳಷ್ಟೇ ದಟ್ಟವಾಗಿ ಕಾಣುತ್ತವೆ. ಕೂಟಕ್ಕೆ ಧೈರ್ಯ ಬರುವುದು ಆಗ.

ಪ್ರಶ್ನಾವಳಿಯಲ್ಲಿ ಎಡವುವವರು ಬಹಳ. ಅದು ಅನಾಮಧೇಯ ಆಗಿರಬೇಕು, ತರಗತಿಯಲ್ಲಿ ಶಿಕ್ಷಕರು ಸಾಲುಗಳ ನಡುವೆ ಓಡಾಡಬಾರದು, ಮಕ್ಕಳೇ ಮಡಚಿ ಅಂಟು ಹಾಕಿದ ಡಬ್ಬಿಗೆ ಹಾಕಬೇಕು. ಶಾಲೆಯ ಅನುಮತಿ, ಹೆತ್ತವರ ಒಪ್ಪಿಗೆ ಮುಂಚಿತವಾಗಿ ಬರಹದಲ್ಲಿ ಪಡೆಯಿರಿ. ಮನೆಯಲ್ಲಿ ಕನ್ನಡ, ತುಳು ಆಡುವ ಮಕ್ಕಳು ಓದುವುದು ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಮಾತ್ರ ಅಚ್ಚು ಹಾಕಿದರೆ ಅರ್ಧ ಖಾಲಿ ಬರುತ್ತದೆ. ಕೇಳಬೇಕಾದದ್ದು ನಾಲ್ಕೇ ಬಗೆಯದು: ಕಳೆದ 30 ದಿನಗಳಲ್ಲಿ ತೆಗೆದುಕೊಂಡೆಯಾ, ಇದರಿಂದ ಎಷ್ಟು ಅಪಾಯ ಎಂದು ನಿನಗೆ ಅನಿಸುತ್ತದೆ, ಅಪ್ಪ ಅಮ್ಮನಿಗೆ ಗೊತ್ತಾದರೆ ಎಷ್ಟು ತಪ್ಪು ಅನ್ನುತ್ತಾರೆ, ಗೆಳೆಯರು ಎಷ್ಟು ತಪ್ಪು ಅನ್ನುತ್ತಾರೆ. ‘ಎಂದಾದರೂ’ ಎಂದು ಕೇಳಿದರೆ ಹಬ್ಬದಲ್ಲಿ ಒಮ್ಮೆ ಗುಟುಕರಿಸಿದವನೂ ದಿನಾ ತಿನ್ನುವವನೂ ಒಂದೇ ಲೆಕ್ಕಕ್ಕೆ ಬೀಳುತ್ತಾರೆ. ಪಟ್ಟಿಯ ನಡುವೆ ಲೋಕದಲ್ಲೇ ಇಲ್ಲದ ಒಂದು ಮಾದಕದ ಹೆಸರು ಸೇರಿಸಿ. ಅದಕ್ಕೂ ‘ಹೌದು’ ಎಂದು ಗುರುತು ಹಾಕಿದ ಹಾಳೆಯನ್ನು ಪಕ್ಕಕ್ಕಿಡಿ.

ದಿಲ್ಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರಲ್ಲಿ ಒಂದು ಅಂಕಿಯನ್ನು ಕೂಟದ ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಬೇಕು. ದೊಡ್ಡವರಿಗಿಂತ ಮಕ್ಕಳಲ್ಲಿ ಬಳಕೆಯ ಪ್ರಮಾಣ ಹೆಚ್ಚು ಕಂಡದ್ದು ಒಂದೇ ಬಗೆಯ ನಶೆಯಲ್ಲಿ: ಮೂಸುವ ದ್ರಾವಕಗಳು. 10ರಿಂದ 17 ವಯಸ್ಸಿನವರಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58. ಎಂಡಿ (ಮೆಫೆಡ್ರೋನ್), ಚರಸ್ ಎಂದು ಎಲ್ಲರೂ ಹೆದರುತ್ತಿರುವಾಗ ಸ್ಟೇಷನರಿ ಅಂಗಡಿಯ ಥಿನ್ನರ್ ಕಡೆ ಯಾರೂ ನೋಡುವುದಿಲ್ಲ.

ಮಾಹಿತಿ ಕೈಗೆ ಬಂದ ಮೇಲೆ ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳಿ: ‘ಯಾಕೆ?’ ಮತ್ತು ‘ಇಲ್ಲೇ ಯಾಕೆ?’ ಹುಡುಗರು ಮಾವಾ ತಿನ್ನುತ್ತಾರೆ. ಯಾಕೆ? ಸುಲಭವಾಗಿ ಸಿಗುತ್ತದೆ. ಇಲ್ಲೇ ಯಾಕೆ? ಹೋಟೆಲಿನಿಂದ ರಾತ್ರಿಶಾಲೆಗೆ ಹೋಗುವ ದಾರಿಯಲ್ಲಿ ಗಾಡಿಯವನು ವಹಿ ಇಟ್ಟು ಉದ್ರಿ ಕೊಡುತ್ತಾನೆ, ಪಗಾರ ಆದ ದಿನ ವಸೂಲಿ ಮಾಡುತ್ತಾನೆ. ಈ ಉತ್ತರದ ತನಕ ಇಳಿದರೆ ಮಾಡಬೇಕಾದ ಕೆಲಸ ಕಣ್ಣಿಗೆ ಬೀಳುತ್ತದೆ. ‘ಕೆಟ್ಟ ಸಹವಾಸ’, ‘ಮೊಬೈಲ್’ ಎಂಬಲ್ಲೇ ನಿಂತರೆ ಮತ್ತೆ ಭಾಷಣವೇ ಗತಿ.

ಗಾಡಿಯವನ ಹತ್ತಿರ ಮೊದಲು ಹೋಗಬೇಕಾದವರು ಅವನ ಪರಿಚಯದ ಹಿರಿಯರು, ಅದೂ ಸಂಜೆಯ ಗಿರಾಕಿಯ ಹೊತ್ತು ಬಿಟ್ಟು. ಮಹಾರಾಷ್ಟ್ರದಲ್ಲಿ ಗುಟ್ಕಾ 2012ರಿಂದಲೇ ನಿಷಿದ್ಧ. 2003ರ ತಂಬಾಕು ಕಾಯಿದೆಯ 6ನೇ ಕಲಮಿನಂತೆ 18ರ ಒಳಗಿನವರಿಗೆ ಮಾರುವ ಹಾಗಿಲ್ಲ, ಶಾಲೆ ಕಾಲೇಜಿನಿಂದ 100 ಗಜ, ಅಂದರೆ ಸುಮಾರು 91 ಮೀಟರಿನೊಳಗೆ ಯಾರಿಗೂ ಮಾರುವ ಹಾಗಿಲ್ಲ. ಈ ಅಳತೆ ಗೇಟಿನಿಂದ ರಸ್ತೆಗುಂಟ ಅಲ್ಲ, ಕಂಪೌಂಡಿನ ಹೊರಗೋಡೆಯಿಂದ ನೇರ ಗೆರೆಯಲ್ಲಿ ಸುತ್ತಲೂ. ಅಂಗಡಿಯವರು ಯಾವಾಗಲೂ ಗೇಟಿನಿಂದ ಅಳೆದು ತೋರಿಸುತ್ತಾರೆ. 50 ಮೀಟರಿನ ಟೇಪು ಕೂಟದ ಬಳಿಯೇ ಇರಲಿ. ಈ ಕಲಮು ಮುರಿದರೆ ದಂಡ ಹೆಚ್ಚೆಂದರೆ 200 ರೂಪಾಯಿ, ಅದಕ್ಕೆ ಯಾರೂ ಅಂಜುವುದಿಲ್ಲ. ಆದರೆ 2015ರ ಬಾಲನ್ಯಾಯ ಕಾಯಿದೆಯ 77ನೇ ಕಲಮಿನಲ್ಲಿ ಮಗುವಿಗೆ ತಂಬಾಕು, ಮದ್ಯ, ಮಾದಕ ಕೊಟ್ಟರೆ ಏಳು ವರ್ಷದ ತನಕ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯ ತನಕ ದಂಡ. ಇದನ್ನು ಮರಾಠಿಯಲ್ಲಿ ಅಚ್ಚು ಹಾಕಿಸಿ ಕೈಗೆ ಕೊಟ್ಟರೆ ಮಾತಿನ ಧಾಟಿಯೇ ಬದಲಾಗುತ್ತದೆ. ಗಾಡಿಯನ್ನು ಎತ್ತಿಸುವುದಕ್ಕೇ ಹೊರಟರೆ ಮೂರು ವಾರದಲ್ಲಿ ಪಕ್ಕದ ಗಲ್ಲಿಯಲ್ಲಿ ಎರಡು ಗಾಡಿ ಹುಟ್ಟುತ್ತವೆ. ಉದ್ರಿಯ ವಹಿ ಮುಚ್ಚಿಸಿ, ಸಣ್ಣವರಿಗೆ ಕೊಡುವುದನ್ನು ನಿಲ್ಲಿಸಿ, ಜಾಗವನ್ನು 100 ಗಜದಾಚೆ ಸರಿಸುವುದು ಬಾಳುತ್ತದೆ. ಹೋಟೆಲ್ ಮಾಲಕರು ಗಾಡಿಯವನ ಲೆಕ್ಕವನ್ನು ಪಗಾರದಿಂದ ಮುರಿದು ಕೊಡುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದರೆ ವಹಿ ತಾನೇ ಮುಚ್ಚುತ್ತದೆ.

ಮಾತಿಗೆ ಬಗ್ಗದಿದ್ದರೆ ಅರ್ಜಿ. ಮರಾಠಿಯಲ್ಲಿ, ಎರಡು ಪ್ರತಿ, ಪೊಲೀಸ್ ಠಾಣೆಗೂ ವಾರ್ಡ್ ಆಫೀಸಿಗೂ. ನಮ್ಮ ಪ್ರತಿಯ ಮೇಲೆ ಶಿಕ್ಕಾ (ಮೊಹರು) ಮತ್ತು ಆವಕ (ಸ್ವೀಕೃತಿ) ನಂಬರು ಬೀಳದೆ ಅಲ್ಲಿಂದ ಏಳಬಾರದು.

ಮೆಡಿಕಲ್ ಅಂಗಡಿಯ ವಿಷಯ ಬೇರೆ. ಅಲ್ಪ್ರಾಜೋಲಾಮ್, ನೈಟ್ರಾಜೆಪಾಮ್, ಕೋಡೀನ್, ಟ್ರಮಡಾಲ್ ಇವೆಲ್ಲ ಎಚ್1 ಪಟ್ಟಿಯ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಗಳು. 2014ರ ಮಾರ್ಚಿನಿಂದ ಇವುಗಳ ಮಾರಾಟಕ್ಕೆ ಪ್ರತ್ಯೇಕ ರಿಜಿಸ್ಟರ್ ಇದೆ. ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಬರೆದು ಮೂರು ವರ್ಷ ಇಡಬೇಕು. ಅದನ್ನು ತಪಾಸಣೆ ಮಾಡುವ ಹಕ್ಕು ಕೂಟಕ್ಕಿಲ್ಲ, ಆಹಾರ ಮತ್ತು ಔಷಧ ಇಲಾಖೆಯ ಇನ್‌ಸ್ಪೆಕ್ಟರಿಗೆ ಇದೆ. ಆದರೆ ಕೂಟದಲ್ಲಿರುವ ಮೆಡಿಕಲ್‌ನವರೇ ಸುತ್ತಲ ಐದಾರು ಅಂಗಡಿಯವರನ್ನು ಚಹಾಕ್ಕೆ ಕರೆದು, ಹಳೆಯ ಚೀಟಿಯ ಝೆರಾಕ್ಸ್ ತಂದವರಿಗೆ ಯಾರೂ ಕೊಡುವುದಿಲ್ಲ ಎಂದು ಒಟ್ಟಿಗೆ ನಿಶ್ಚಯ ಮಾಡಿಕೊಳ್ಳಬಹುದು. ಒಬ್ಬರೇ ನಿಲ್ಲಿಸಿದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ, ನಿಲ್ಲಿಸಿದವರಿಗೆ ನಷ್ಟ. ಸ್ಟೇಷನರಿಯವರ ಜೊತೆಗೂ ಹೀಗೇ: ಥಿನ್ನರ್ ಸೀಸೆ ಗಲ್ಲೆಯ ಹಿಂದೆ ಹೋಗಲಿ, ಮಕ್ಕಳಿಗೆ ಪೆನ್ ಮಾದರಿಯ ವೈಟ್ನರ್ ಕೊಡಲಿ.

ಇನ್ನು ಹೊತ್ತಿನ ಪ್ರಶ್ನೆ. ಹೋಟೆಲಿನ ಹೆಚ್ಚಿನ ಹುಡುಗರಿಗೆ ಬೆಳಗ್ಗೆ ಆರರಿಂದ ದುಡಿತ, ಮೂರಕ್ಕೆ ಬಿಡುವು, ಆರಕ್ಕೆ ಮತ್ತೆ ಒಳಗೆ, ರಾತ್ರಿ ಹನ್ನೊಂದೂವರೆ. ಈ ಮೂರು ಗಂಟೆಯಲ್ಲಿ ಮಲಗೋಣವೆಂದರೆ ಮಾಳಿಗೆಯ ಶೆಕೆ, ಹೊರಗೆ ಬಂದರೆ ಗಾಡಿ. ಉಪದೇಶಕ್ಕಿಂತ ಇಲ್ಲಿ ಎರಡು ಎಕ್ಸಾಸ್ಟ್ ಫ್ಯಾನಿಗೆ ಹೆಚ್ಚು ಬಲ. ಮಾಳಿಗೆಗೆ ಗಾಳಿ, ಮಂಡಳಿಯ ಸಭಾಗೃಹ ಮೂರರಿಂದ ಐದೂವರೆಯವರೆಗೆ ತೆರೆದು ಕ್ಯಾರಂ, ಚೆಂಡೆ-ಮದ್ದಳೆ ಕಲಿಕೆ, ಊರಿಗೆ ವಿಡಿಯೊ ಕಾಲ್ ಮಾಡಲು ವೈಫೈ. ಕೀಲಿ ಯಾರ ಕೈಯಲ್ಲಿ ಎಂಬುದನ್ನು ಮೊದಲೇ ಗೊತ್ತು ಮಾಡಿ. ಇಂಥ ಏರ್ಪಾಡುಗಳು ಹೆಚ್ಚಾಗಿ ನಿಂತುಹೋಗುವುದು ಕೀಲಿ ಇದ್ದವರು ಊರಿಗೆ ಹೋದಾಗ.

ಶಾಲೆಯಲ್ಲಿ ಮಾತಾಡುವುದಾದರೆ ಮಾದಕ ವಸ್ತುವಿನ ಮಾದರಿ, ಚಿತ್ರ, ಎಳೆಯುವ ವಿಧಾನ ತೋರಿಸಬೇಡಿ. ಕೊಳೆತ ಬಾಯಿಯ ಫೋಟೊದಿಂದ ಒಂದು ವಾರ ಹೆದರುತ್ತಾರೆ, ಅಷ್ಟೇ. ‘ನಾನು ಎಲ್ಲ ಮಾಡಿ ಬಿಟ್ಟೆ’ ಎನ್ನುವವರನ್ನು ವೇದಿಕೆಗೆ ತಂದರೆ ಹದಿಮೂರರ ಹುಡುಗನ ಕಿವಿಗೆ ಬೀಳುವುದು ‘ಬಿಡಬಹುದು’ ಎಂಬ ಮಾತು. ಗೆಳೆಯ ಕೈಗೆ ಕೊಟ್ಟಾಗ ಏನು ಹೇಳಿ ಜಾರಿಕೊಳ್ಳುವುದು ಎಂಬುದನ್ನು ಅವರ ಬಾಯಲ್ಲೇ ಆಡಿಸಿ ರೂಢಿ ಮಾಡಿಸುವುದು ಉಪಯೋಗಕ್ಕೆ ಬರುತ್ತದೆ.

ಈಗಾಗಲೇ ಸಿಕ್ಕಿಬಿದ್ದ ಹುಡುಗರ ವಿಷಯದಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ಥಿನ್ನರ್ ಮೂಸುತ್ತಿರುವ ಮಗುವನ್ನು ಕಂಡರೆ ಕೂಗಿ ಅಟ್ಟಿಸಿಕೊಂಡು ಹೋಗಬೇಡಿ. ಆ ದ್ರಾವಕಗಳು ಒಳಗಿದ್ದಾಗ ಗಾಬರಿ, ಓಟದಿಂದ ಹೃದಯದ ಬಡಿತ ತಪ್ಪಿ ಅಲ್ಲೇ ಸಾವು ಆಗಬಹುದು. ಮೆಲ್ಲಗೆ ಹತ್ತಿರ ಹೋಗಿ, ‘ಮಗಾ, ಏನಿಲ್ಲ, ಕೂತ್ಕೊ’ ಎಂದು ಗಾಳಿಯಿರುವ ಕಡೆ ಕೂರಿಸಿ. ಎರಡನೆಯದು, ಬಟನ್ ಅಥವಾ ದಿನಾ ಸರಾಯಿಯ ಚಟ ಇದ್ದವನನ್ನು ಕೋಣೆಯಲ್ಲಿ ಕೂಡಿಹಾಕಬಾರದು, ಮಂಗಳೂರು ರೈಲಿಗೆ ಹತ್ತಿಸಿ ‘ಊರಲ್ಲಿ ಸರಿಯಾಗುತ್ತಾನೆ’ ಎಂದು ಕಳಿಸಲೂಬಾರದು. ಹಠಾತ್ತನೆ ನಿಂತಾಗ ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು, ಅದು ರೈಲಿನಲ್ಲಿ ಬಂದರೆ ಯಾರಿದ್ದಾರೆ? ಡಾಕ್ಟರು ಮಾತ್ರೆ ಕೊಟ್ಟು ಹಂತಹಂತವಾಗಿ ಇಳಿಸಬೇಕು. ಕೆಇಎಂ, ನಾಯರ್, ಸಾಯನ್ ಆಸ್ಪತ್ರೆಗಳ ಮನೋರೋಗ ವಿಭಾಗಕ್ಕೆ ಬೆಳಗ್ಗೆಯೇ ಹೋಗಿ ಕೇಸ್ ಪೇಪರ್ ಮಾಡಿಸಿ. ಫೋನಿನಲ್ಲಿ ಕೇಳುವುದಾದರೆ ವ್ಯಸನಮುಕ್ತಿ ಸಹಾಯವಾಣಿ 14446.

ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮುಂಚೆ 2017ರ ಮಾನಸಿಕ ಆರೋಗ್ಯ ಕಾಯಿದೆಯಡಿ ನೋಂದಣಿ ಇದೆಯೇ, ಡಾಕ್ಟರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಮನೆಯವರು ನೋಡಲು ಬಿಡುತ್ತಾರೆಯೇ ಎಂದು ಖುದ್ದಾಗಿ ಹೋಗಿ ವಿಚಾರಿಸಿ. ಮನೆಯಿಂದ ಹುಡುಗನನ್ನು ಎಳೆದು ಗಾಡಿಗೆ ಹಾಕಿಕೊಂಡು ಹೋಗುತ್ತೇವೆ ಎನ್ನುವವರಿಗೆ ಒಪ್ಪಬೇಡಿ.

ಪೊಲೀಸರನ್ನು ಕೂಟದ ಹೊರಗಿಡುವ ಕಾರಣ ಇಲ್ಲಿದೆ. ಹುಡುಗ ಸಹಾಯಕ್ಕೆ ಬರುವ ಬಾಗಿಲು ಮತ್ತು ಮಾರುವವನ ಸುದ್ದಿ ಹೋಗುವ ಬಾಗಿಲು ಒಂದೇ ಆಗಬಾರದು. ಕೂಟ ಮಾರುವವರ ಹೆಸರು ಕಲೆಹಾಕುವುದಿಲ್ಲ. ತಿಳಿದವರು ತಾವೇ ಮಾದಕ ವಸ್ತು ಸಹಾಯವಾಣಿ 1933ಕ್ಕೆ ಹೇಳಲಿ, 2024ರಲ್ಲಿ ಶುರುವಾದ ಆ ಸಾಲಿನಲ್ಲಿ ಹೆಸರು ಹೇಳದೆ ತಿಳಿಸಬಹುದು. ಮಾದಕ ವಸ್ತು ಕಾಯಿದೆಯ 64ಎ ಕಲಮಿನಲ್ಲಿ, ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ಮಾನ್ಯತೆ ಪಡೆದ ಕಡೆ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಖಟ್ಲೆಯಿಂದ ರಕ್ಷಣೆ ಇದೆ. ಇದು ಹೆಚ್ಚಿನ ತಾಯಂದಿರಿಗೆ ಗೊತ್ತಿಲ್ಲ, ಹೆದರಿ ಮಗನನ್ನು ಬಚ್ಚಿಡುತ್ತಾರೆ. ಮಹಿಳಾ ಮಂಡಳದ ಅರಸಿನ ಕುಂಕುಮದ ದಿನ ಐದು ನಿಮಿಷ ಇದನ್ನು ಹೇಳಿದರೆ ನಾಲ್ಕೈದು ಮನೆಗಳಿಂದ ಆ ವಾರವೇ ವಿಚಾರಣೆ ಬರುತ್ತದೆ.

ಚಿಕಿತ್ಸೆ ಮುಗಿಸಿ ಬಂದವನ ಮೊದಲ ಮೂರು ತಿಂಗಳಿಗೆ ಮುಂಚೆಯೇ ತಯಾರಿ ಬೇಕು. ಅದೇ ಮಾಳಿಗೆಯಲ್ಲಿ ಅದೇ ಗೆಳೆಯರ ಪಕ್ಕ ಹಾಸಿಗೆ ಕೊಡಬೇಡಿ. ಮಾಲಕರು ಕೆಲಸ ಕಾದಿಡಲಿ, ಆದರೆ ರಾತ್ರಿಯ ಗಲ್ಲೆ ಬೇಡ, ಬೆಳಗಿನ ಪಾಳಿ ಇರಲಿ. ಪಗಾರವನ್ನು ಅವನ ಒಪ್ಪಿಗೆ ಕೇಳಿಯೇ ವಾರಕ್ಕಿಷ್ಟು ಎಂದು ಹಂಚಿ ಕೊಡಲಿ, ಉಳಿದದ್ದು ಅವನ ಹೆಸರಿನ ಖಾತೆಗೆ. ಆಸ್ಪತ್ರೆಯ ತಾರೀಕಿನಂದು ಮಧ್ಯಾಹ್ನದ ತನಕ ರಜೆ, ಜೊತೆಗೆ ಹೋಗಲು ಕೂಟದ ಒಬ್ಬರು. ಆರು ತಿಂಗಳಾದ ಮೇಲೆ ಅವೇ ಹತ್ತು ಚೌಕಗಳಲ್ಲಿ, ಅದೇ ಭಾನುವಾರ ಬೆಳಗ್ಗೆ ಆರಕ್ಕೆ, ಮತ್ತೆ ಎಣಿಕೆ.