ಹಂಪಿಯಲ್ಲಿ ಜಿಪಿಎಸ್ ಆಟ: ಮಕ್ಕಳ ಕಣ್ಣು ಪರದೆಯಿಂದ ಕಲ್ಲಿನ ಕಡೆಗೆ

ಎಂಟನೆಯ ತರಗತಿಯ ಮಕ್ಕಳಿಗೆಂದು ಹಂಪಿಯ ಹೇಮಕೂಟ ಗುಡ್ಡದಿಂದ ಬಡವಿಲಿಂಗದವರೆಗೆ ಜಿಪಿಎಸ್ ಆಟವೊಂದನ್ನು ಕಟ್ಟಿದ್ದೆ: ತಾಣ ಮುಟ್ಟಿದರೆ ಪರದೆಯಲ್ಲಿ ಪ್ರಶ್ನೆ ತೆರೆಯುತ್ತದೆ. ತೊಂದರೆ ಇಷ್ಟು: ಮಕ್ಕಳು ಪರದೆ ನೋಡುತ್ತಲೇ ನಡೆದರು, ಶಿಲ್ಪ ನೋಡಲಿಲ್ಲ; ಮೂರನೆಯ ತಾಣದ ಹೊತ್ತಿಗೆ ಅರ್ಧ ತಂಡಗಳು ಕೈಬಿಟ್ಟವು.

ಅಂಕ ಹೆಚ್ಚಿಸಿದೆ, ಓಟ ಹೆಚ್ಚಿತು, ನೋಟ ಹೆಚ್ಚಲಿಲ್ಲ. ಪ್ರಶ್ನೆ ಸುಲಭ ಮಾಡಿದೆ, ಊಹಿಸಿ ಒತ್ತಿದರು. ತಾಣದ ವೃತ್ತವನ್ನು, ಅಂದರೆ ಒಳಗೆ ಬಂದರೆ ಪ್ರಶ್ನೆ ತೆರೆಯುವ ವಲಯವನ್ನು, 10 ಮೀಟರಿನಿಂದ 40ಕ್ಕೆ ಏರಿಸಿದೆ. ಅಕ್ಕಪಕ್ಕದಲ್ಲೇ ಇರುವ ಉಗ್ರನರಸಿಂಹ, ಬಡವಿಲಿಂಗಗಳ ಪ್ರಶ್ನೆಗಳು ಒಟ್ಟಿಗೇ ತೆರೆದವು.

ಕೆಲಸಕ್ಕೆ ಬಂದದ್ದು ಅನುಭವ ನಕ್ಷೆ: ದಾರಿಯುದ್ದಕ್ಕೂ ಮಕ್ಕಳಿಗೆ ಆದದ್ದನ್ನು ಬರೆದಿಡುವ ಹಾಳೆ. ಆಟವನ್ನು ಮುಚ್ಚಿಟ್ಟು ಮೂವರು ಮಕ್ಕಳ ಹಿಂದೆ ಸುಮ್ಮನೆ ನಡೆದೆ. ಉದ್ದನೆಯ ಹಾಳೆಯಲ್ಲಿ ಎಡದಿಂದ ಬಲಕ್ಕೆ ತಾಣಗಳು. ಕೆಳಗೆ ನಾಲ್ಕು ಸಾಲು: ಕಾಲು ಏನು ಮಾಡುತ್ತಿದೆ, ಕಣ್ಣು ಎಲ್ಲಿದೆ, ತಾವಾಗಿ ಏನು ಕೇಳಿದರು, ಉತ್ಸಾಹ ಎಷ್ಟು (+2ರಿಂದ -2). ಐದು ನಿಮಿಷಕ್ಕೊಮ್ಮೆ ಗುರುತು ಹಾಕಬೇಕು. ಮನೆಗೆ ಬಂದು ನೆನಪಿನಿಂದ ತುಂಬಿದರೆ ಹಾಳೆಯ ಮೇಲೆ ಬೀಳುವುದು ನಮ್ಮ ಆಸೆ, ಮಕ್ಕಳ ಅನುಭವವಲ್ಲ.

ಉತ್ಸಾಹದ ಗುರುತುಗಳನ್ನು ಸೇರಿಸಿದ ಗೆರೆ ಕುಸಿದದ್ದು ಬಿಸಿಲಿಗೆ ಕಾದ ಬಂಡೆಯ ಮೇಲೆ. ಏರಿದ್ದು ಸಾಸಿವೆಕಾಳು ಗಣಪನ ಹೊಟ್ಟೆಗೆ ಸುತ್ತಿದ ಹಾವು ಕಂಡಾಗ. ಅದರಂತೆ ಬದಲಿಸಿದ್ದು ಹೀಗೆ: ಬೆಳಿಗ್ಗೆ 7ಕ್ಕೆ ಹೇಮಕೂಟದಲ್ಲಿ ಆರಂಭ. ವೃತ್ತ 20 ಮೀಟರ್. ನರಸಿಂಹ ಮತ್ತು ಬಡವಿಲಿಂಗ ಸೇರಿ ಒಂದೇ ತಾಣ. ನಡೆಯುವಾಗ ಧ್ವನಿ ಮಾತ್ರ. ವೃತ್ತದೊಳಗೆ ಬಂದ ಮೇಲೆ 30 ಸೆಕೆಂಡು ಪರದೆ ಕಪ್ಪು, ಅನಂತರ ಪ್ರಶ್ನೆ. ಅದೂ ಕಲ್ಲನ್ನು ಸುತ್ತಿ ಬಂದರೆ ಮಾತ್ರ ಬಿಡಿಸಲಾಗುವಂಥದ್ದು: "ಗಣಪನ ಬೆನ್ನ ಹಿಂದೆ ಕೂತವರು ಯಾರು?"

ಮುಂದಿನ ನಡಿಗೆಯಲ್ಲಿ ಎಲ್ಲ ತಂಡಗಳೂ ಕೊನೆಯ ತಾಣ ಮುಟ್ಟಿದವು. ಇನ್ನೊಂದು: ಕಡಲೆಕಾಳು ಗಣಪನ ಗರ್ಭಗುಡಿಯೊಳಗೆ ಜಿಪಿಎಸ್ ತೋರಿಸುವ ಜಾಗ ಅತ್ತಿತ್ತ ಅಲೆಯುತ್ತದೆ, ವೃತ್ತದ ಕೇಂದ್ರವನ್ನು ಹೊರಗಿನ ಕಂಬಗಳ ಮಂಟಪಕ್ಕೆ ಸರಿಸಿ.