ರೆಟ್ರೋದಲ್ಲಿ ಕಲಿತಿದ್ದು ಮುಂದಿನ ಸ್ಪ್ರಿಂಟಿಗೂ ಉಳೀಬೇಕಾ? ಟೂಲ್ ಹೀಗೆ ಬಳಸಿ

ಸಾಫ್ಟ್‌ವೇರ್ ಟೀಮು ಪ್ರತಿ ಸ್ಪ್ರಿಂಟಿನ (ಒಂದಿಷ್ಟು ಕೆಲಸ ಮುಗಿಸೋಕೆ ಇಟ್ಕೊಳ್ಳೋ ಸಣ್ಣ ಅವಧಿ) ಕೊನೇಲಿ ಏನು ಚೆನ್ನಾಗಾಯ್ತು, ಏನು ಕೈಕೊಡ್ತು ಅಂತ ಕೂತು ಮಾತಾಡೋದೇ ರೆಟ್ರೋ. ಅದಕ್ಕೆ ಯಾವ ಟೂಲ್ ಚೆನ್ನಾಗಿದೆ ಅಂತ ಕೇಳೋರು ಜಾಸ್ತಿ, ಆದ್ರೆ ರೆಟ್ರೋ ಮುಗಿದ್ಮೇಲೆ ಎಲ್ಲರೂ ಕಾರ್ಡ್ ಬರೆದು ಅಂಟಿಸಿದ ಆ ಬೋರ್ಡನ್ನ ಯಾರಾದ್ರೂ ತೆಗೆದು ನೋಡ್ತಾರಾ ಅಂತ ಕೇಳೋರು ಕಮ್ಮಿ. ನಿಮ್ಮ ಟೀಮಿನ ಹಳೇ ಬೋರ್ಡುಗಳನ್ನ ಒಂದ್ಸಲ ಓಪನ್ ಮಾಡಿ ನೋಡಿ, "ರಿಕ್ವೈರ್‌ಮೆಂಟ್ ಲೇಟಾಗಿ ಬಂತು", "ಟೆಸ್ಟಿಂಗಿಗೆ ಟೈಮ್ ಸಿಗಲಿಲ್ಲ" ಅನ್ನೋ ಅದೇ ಕಾರ್ಡು ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಬಣ್ಣದಲ್ಲಿ ಸಿಕ್ಕೇ ಸಿಗುತ್ತೆ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಯಾಕೆ ಹೀಗಾಗುತ್ತೆ ಅಂದ್ರೆ ಮಾತಾಡೋ ಜಾಗ, ನೆನಪಿಟ್ಕೊಳ್ಳೋ ಜಾಗ, ಕೆಲಸ ಆಗೋ ಜಾಗ ಮೂರನ್ನೂ ಒಂದೇ ಬೋರ್ಡಿಗೆ ತುರುಕಿರ್ತೀವಿ. ಇವನ್ನ ಬೇರೆ ಮಾಡಿದ್ರೆ ಅರ್ಧ ಕೆಲಸ ಮುಗೀತು, ಟೂಲಿನ ಆಯ್ಕೆ ಆಮೇಲೆ ಸುಲಭ.

ರೆಟ್ರೋಗಿಂತ ಮುಂಚೆನೇ ಗುಡ್ಡೆ ಹಾಕ್ತಾ ಹೋಗಿ

2 ವಾರದ ಸ್ಪ್ರಿಂಟಿನ ಕೊನೇಲಿ ಕೂತು ನೆನಪಿಸ್ಕೊಳ್ಳಿ ಅಂದ್ರೆ ಎಲ್ಲರಿಗೂ ನೆನಪಾಗೋದು ಕೊನೇ 2-3 ದಿನದ ಗಲಾಟೆ ಮಾತ್ರ. ಅದಕ್ಕೆ ಸ್ಲ್ಯಾಕ್ ಅಥವಾ ಟೀಮ್ಸಲ್ಲಿ ರೆಟ್ರೋಗೆ ಅಂತಾನೇ ಒಂದು ಚಾನೆಲ್ ಮಾಡಿ, ಏನಾದ್ರೂ ಕೈಕೊಟ್ಟಾಗ ಅಥವಾ ಚೆನ್ನಾಗಾದಾಗ ಆಗಿಂದಾಗ್ಲೇ ಒಂದು ಲೈನ್ ಹಾಕ್ಲಿ, ಸಂಬಂಧಪಟ್ಟ ಟಿಕೆಟ್ (ಒಂದೊಂದು ಕೆಲಸದ ನಮೂದು) ಲಿಂಕ್ ಜೊತೆಗಿರ್ಲಿ. ಜೊತೆಗೆ ಎಷ್ಟು ಬಿಲ್ಡ್ ಫೇಲಾಯ್ತು ಅನ್ನೋದು ನಿಮ್ಮ ಬಿಲ್ಡ್ ಟೂಲಲ್ಲಿ, ಯಾವ ಟಿಕೆಟ್ ಯಾವ ಕಾಲಮ್ಮಲ್ಲಿ ಎಷ್ಟು ದಿನ ಕೂತಿತ್ತು ಅನ್ನೋದು ಟಿಕೆಟ್ ಇಡೋ ಜಿರಾದಲ್ಲಿ ಇರುತ್ತೆ, ಅದನ್ನೂ ರೆಟ್ರೋ ಶುರುವಾಗೋಕೆ ಮುಂಚೆ ಎತ್ತಿಟ್ಕೊಳ್ಳಿ. "ನಂಗನ್ಸುತ್ತೆ ರಿವ್ಯೂ ಲೇಟಾಗ್ತಿದೆ" ಅನ್ನೋದಕ್ಕೂ "ಈ 4 ಟಿಕೆಟ್ ರಿವ್ಯೂ ಕಾಲಮ್ಮಲ್ಲಿ 3 ದಿನಕ್ಕಿಂತ ಜಾಸ್ತಿ ಇತ್ತು" ಅನ್ನೋದಕ್ಕೂ ಅಜಗಜಾಂತರ ವ್ಯತ್ಯಾಸ ಇದೆ, ಎರಡನೇದಕ್ಕೆ ಯಾರೂ ವಾದ ಮಾಡಲ್ಲ.

ಬೋರ್ಡ್: ಇಲ್ಲಿ ತುಂಬಾ ತಲೆ ಕೆಡಿಸ್ಕೋಬೇಡಿ

ಮಿರೋ, ಮ್ಯೂರಲ್, ಫಿಗ್‌ಜ್ಯಾಮ್ ಇವೆಲ್ಲ ಖಾಲಿ ಕ್ಯಾನ್ವಾಸು, ಟೆಂಪ್ಲೇಟ್ ಹಾಕ್ಕೊಂಡು ಹೇಗೆ ಬೇಕಾದ್ರೂ ಬಳಸ್ಬಹುದು. ಈಸಿರೆಟ್ರೋ, ರೆಟ್ರಿಯಂ, ಟೀಮ್‌ರೆಟ್ರೋ, ಪ್ಯಾರಬಾಲ್ ಇವು ರೆಟ್ರೋಗೆ ಅಂತಾನೇ ಮಾಡಿರೋವು, ಕಾರ್ಡ್ ಬರೆಯೋದು, ಗುಂಪು ಮಾಡೋದು, ವೋಟ್ ಹಾಕೋದು ಎಲ್ಲ ಇದರಲ್ಲೇ ಇರುತ್ತೆ. ಪ್ಯಾರಬಾಲ್ ಓಪನ್ ಸೋರ್ಸ್ ಕೂಡ. ಅಜೂರ್ ಡೆವ್‌ಆಪ್ಸ್ ಬಳಸೋ ಟೀಮಾಗಿದ್ರೆ ಅದರ ರೆಟ್ರೋಸ್ಪೆಕ್ಟಿವ್ಸ್ ಎಕ್ಸ್‌ಟೆನ್ಷನ್ ಹಾಕ್ಕೊಳ್ಳಿ, ಕಾರ್ಡಿಂದ ನೇರವಾಗಿ ವರ್ಕ್ ಐಟಂ (ಅಲ್ಲಿ ಟಿಕೆಟ್ಟಿಗೆ ಇರೋ ಹೆಸರು) ಮಾಡ್ಬಹುದು.

ಬೋರ್ಡಲ್ಲಿ ನಾನು ಬಿಟ್ಟುಕೊಡದೇ ಇರೋ ಫೀಚರ್ ಒಂದೇ, ಎಲ್ಲರೂ ಬರೆದು ಮುಗಿಸೋ ತನಕ ಬೇರೆಯವರ ಕಾರ್ಡು ಕಾಣಬಾರ್ದು. ಲೀಡ್ ಬರೆದ ಮೊದಲನೇ ಕಾರ್ಡ್ ಕಣ್ಣಿಗೆ ಬಿದ್ರೆ ಸಾಕು, ಹೊಸಬ್ರೆಲ್ಲ ಅದನ್ನೇ ಸ್ವಲ್ಪ ತಿರುಗಿಸಿ ಬರೀತಾರೆ. ಮ್ಯಾಡ್-ಸ್ಯಾಡ್-ಗ್ಲ್ಯಾಡೋ, ಸ್ಟಾರ್ಟ್-ಸ್ಟಾಪ್-ಕಂಟಿನ್ಯೂನೋ, ದೋಣಿ ಚಿತ್ರಾನೋ, ಕಾರ್ಡ್ ವಿಂಗಡಿಸೋ ಮಾದರಿ ಯಾವುದಾದ್ರೂ ಆಗ್ಲಿ.

ಪಾಠ ಬರೆಯೋದೇ ನಿಜವಾದ ಕೆಲಸ

ಕಾರ್ಡ್ ಬೇರೆ, ಪಾಠ ಬೇರೆ. ಕಾರ್ಡಲ್ಲಿ "ಟೆಸ್ಟಿಂಗ್ ಬೇಗ ಶುರು ಮಾಡ್ಬೇಕಿತ್ತು" ಅಂತಿರುತ್ತೆ ಅಂದ್ಕೊಳ್ಳಿ, 3 ತಿಂಗಳಾದ್ಮೇಲೆ ಇದನ್ನ ಓದಿದವ್ರಿಗೆ ಏನ್ ಉಪಯೋಗ? ಬೇಡ ಅಂತ ಯಾರು ಹೇಳ್ತಾರೆ, ಬೇಗ ಶುರು ಮಾಡ್ಬೇಕು ಅಂತ ಎಲ್ಲರಿಗೂ ಗೊತ್ತು. ಅಲ್ಲೇ ಕೂತು ಯಾಕೆ, ಯಾಕೆ ಅಂತ ಕೇಳ್ತಾ ಹೋಗಿ, ಟೊಯೋಟಾದವರ ಆ 5 ಯಾಕೆ ಇದೆಯಲ್ಲ ಅದೇ. ಟೆಸ್ಟಿಂಗ್ ಯಾಕೆ ಲೇಟಾಯ್ತು, ಟೆಸ್ಟ್ ಡೇಟಾ ಇರ್ಲಿಲ್ಲ. ಯಾಕಿರ್ಲಿಲ್ಲ, ಬೇರೆ ಟೀಮ್ ಕೊಡ್ಬೇಕಿತ್ತು, ನಾವು ಸ್ಪ್ರಿಂಟ್ ಶುರುವಾದ್ಮೇಲೆ ಕೇಳಿದ್ವಿ. ಮುಂಚೆ ಯಾಕೆ ಕೇಳ್ಲಿಲ್ಲ, ರಿಫೈನ್‌ಮೆಂಟಲ್ಲಿ (ಮುಂದಿನ ಕೆಲಸನ ಮೊದಲೇ ಬಿಡಿಸಿ ನೋಡೋ ಮಾತುಕತೆ) ಟೆಸ್ಟ್ ಡೇಟಾ ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆನೇ ಬರಲ್ಲ. ಸಿಕ್ತಲ್ಲ, 5 ತನಕ ಹೋಗೋ ಅಗತ್ಯಾನೂ ಇಲ್ಲ.

ಈಗ ಇದನ್ನ ಹೀಗೆ ಬರೀರಿ (ಸ್ಟೋರಿ ಅಂದ್ರೆ ಬಳಕೆದಾರರಿಗೆ ಬೇಕಾದ ಒಂದು ಸಣ್ಣ ಕೆಲಸ): "ಪೇಮೆಂಟ್ ಸ್ಟೋರಿಗೆ ಬೇಕಾದ ಟೆಸ್ಟ್ ಡೇಟಾ ಬೇರೆ ಟೀಮಿಂದ ಬರ್ಬೇಕಿತ್ತು, ಸ್ಪ್ರಿಂಟ್ ಮಧ್ಯೆ ಕೇಳಿದ್ದಕ್ಕೆ 4 ದಿನ ಕಾದ್ವಿ. ಇನ್ಮುಂದೆ ಹೊರಗಿನ ಡೇಟಾ ಬೇಕಾದ ಸ್ಟೋರಿನ ಡೇಟಾ ಕೈಗೆ ಬರೋ ತನಕ ಸ್ಪ್ರಿಂಟಿಗೆ ತಗೊಳ್ಳಲ್ಲ." ಏನಾಯ್ತು, ಯಾಕಾಯ್ತು, ಮುಂದೆ ಯಾವ ಸಂದರ್ಭದಲ್ಲಿ ಏನ್ ಬದಲಾಯಿಸ್ತೀವಿ, ಇಷ್ಟು ಇದ್ರೆ ಆಯ್ತು. ಮೀಟಿಂಗಲ್ಲಿ ಇಲ್ದೇ ಇರೋ ಒಬ್ಬರಿಗೆ ಓದೋಕೆ ಕೊಡಿ, ಅವರು ವಾಪಸ್ ಪ್ರಶ್ನೆ ಕೇಳದೇ ಅರ್ಥ ಮಾಡ್ಕೊಂಡ್ರೆ ಸರಿಯಾಗಿ ಬರೆದಿದ್ದೀರ ಅಂತ. ಯಾರ ಹೆಸರೂ ಹಾಕ್ಬೇಡಿ, "ಅವನು ಕೇಳ್ಲಿಲ್ಲ" ಅಂತ ಒಂದ್ಸಲ ಬರೆದ್ರೆ ಮುಂದಿನ ರೆಟ್ರೋದಿಂದ ಎಲ್ಲರೂ ಬಾಯಿಗೆ ಬೀಗ ಹಾಕ್ಕೊಂಡು ಕೂರ್ತಾರೆ, ಆಮೇಲೆ ಎಂಥಾ ಟೂಲ್ ತಂದ್ರೂ ಅಷ್ಟೇ.

ಒಂದು ರೆಟ್ರೋಗೆ ಇಂಥ ಪಾಠ 1 ಅಥವಾ 2 ಸಾಕು. ವೋಟಲ್ಲಿ ಮೇಲೆ ಬಂದಿದ್ದನ್ನ ಮಾತ್ರ ಹೀಗೆ ಬಿಡಿಸಿ ಬರೀರಿ, ಮಿಕ್ಕಿದ್ದು ಬೋರ್ಡಲ್ಲೇ ಇರ್ಲಿ.

ಎಲ್ಲಿ ಇಡೋದು

ಒಂದು ಟೇಬಲ್, ಒಂದೇ ಪೇಜು, ವರ್ಷಪೂರ್ತಿ ಅದೇ. ಟೀಮಿನ ದಾಖಲೆ ಇಡೋ ಕಾನ್‌ಫ್ಲುಯೆನ್ಸಲ್ಲಿ ರೆಟ್ರೋ ಟೆಂಪ್ಲೇಟ್ ಇದೆ, ಒಳ್ಳೇದೇ, ಆದ್ರೆ ಅದು ಪ್ರತಿ ರೆಟ್ರೋಗೂ ಒಂದೊಂದು ಹೊಸ ಪೇಜ್ ಮಾಡುತ್ತೆ, ಆಮೇಲೆ ಪೇಜಿನ ರಾಶೀಲಿ ಹುಡುಕೋರು ಯಾರು? ಮೀಟಿಂಗ್ ನೋಟ್ಸ್‌ಗೆ ಅದು ಇರ್ಲಿ, ಪಾಠಕ್ಕೆ ಬೇರೆ ಪೇಜು. ನೋಷನ್ ಡೇಟಾಬೇಸ್ ಆಗುತ್ತೆ, ಗೂಗಲ್ ಶೀಟ್ಸೂ ಆಗುತ್ತೆ, ಡೆವಲಪರ್‌ಗಳೇ ಜಾಸ್ತಿ ಇರೋ ಟೀಮಾದ್ರೆ ರೆಪೊ (ಕೋಡ್ ಇಡೋ ಜಾಗ) ಒಳಗೆ ಒಂದು ಮಾರ್ಕ್‌ಡೌನ್ (ಸರಳ ಟೆಕ್ಸ್ಟ್) ಫೈಲ್ ಇನ್ನೂ ಚೆನ್ನಾಗಿರುತ್ತೆ, ಯಾರು ಯಾವಾಗ ಬದಲಾಯಿಸಿದ್ರು ಅಂತ ಬದಲಾವಣೆಗಳ ದಾಖಲೆ ಇಡೋ ಗಿಟ್ಟಲ್ಲೇ ಗೊತ್ತಾಗುತ್ತೆ. ಕಾಲಂ ಎಷ್ಟು ಕಮ್ಮಿ ಇದ್ರೆ ಅಷ್ಟು ಒಳ್ಳೇದು: ತಾರೀಖು, ಪಾಠ, ಟ್ಯಾಗ್, ಟಿಕೆಟ್ ಲಿಂಕ್, ಈಗಿನ ಸ್ಥಿತಿ. ಟ್ಯಾಗ್ ಮಾತ್ರ ಮೊದಲೇ ಫಿಕ್ಸ್ ಮಾಡಿ, ಡಿಪ್ಲಾಯ್‌ಮೆಂಟ್, ಟೆಸ್ಟ್ ಡೇಟಾ, ಎಸ್ಟಿಮೇಟ್, ಬೇರೆ ಟೀಮ್ ಹೀಗೆ 7-8 ಇದ್ರೆ ಸಾಕು. ಅವರವರೇ ಟ್ಯಾಗ್ ಸೃಷ್ಟಿ ಮಾಡೋಕೆ ಬಿಟ್ರೆ ಒಂದೇ ವಿಷಯಕ್ಕೆ ನಾಲ್ಕು ಹೆಸರಾಗಿ ಫಿಲ್ಟರ್ ಹಾಕೋದೇ ದಂಡ.

ಕೆಲಸ ಆಗೋ ಜಾಗಕ್ಕೆ ಸಾಗಿಸೋದು

ಈ ಪಾಠದ ಲಾಗಲ್ಲಿ, ಅಂದ್ರೆ ಆ ಟೇಬಲಲ್ಲಿ, ಬರೆದಿದ್ದನ್ನ ದಿನಾ ಯಾರೂ ಹೋಗಿ ಓದಲ್ಲ, ಇದನ್ನ ಒಪ್ಕೊಂಡುಬಿಡಿ. ಹಾಗಾಗಿ ಪ್ರತಿ ಪಾಠನೂ ಜನ ಹೇಗೂ ನೋಡೋ ಇನ್ನೊಂದು ಜಾಗಕ್ಕೆ ಹೋಗ್ಬೇಕು. ಟೆಸ್ಟ್ ಡೇಟಾ ಪಾಠ ರಿಫೈನ್‌ಮೆಂಟ್ ಚೆಕ್‌ಲಿಸ್ಟಲ್ಲಿ ಒಂದು ಪ್ರಶ್ನೆ ಆಗುತ್ತೆ. ಕೋಡ್ ರಿವ್ಯೂಗೆ ಸಂಬಂಧಪಟ್ಟಿದ್ದು ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆ ಸೇರಿಸೋಕೆ ಕೇಳೋ ಮನವಿ) ಟೆಂಪ್ಲೇಟಿಗೆ ಒಂದು ಚೆಕ್‌ಬಾಕ್ಸ್ ಆಗಿ ಹೋಗುತ್ತೆ. ರಿಲೀಸ್ ದಿನದ ಎಡವಟ್ಟು ರನ್‌ಬುಕ್ಕಿಗೆ (ಹಂತ ಹಂತವಾಗಿ ಏನ್ ಮಾಡ್ಬೇಕು ಅಂತ ಬರೆದಿಟ್ಟಿರೋದು), ಕ್ವಾಲಿಟಿ ವಿಷಯ ಡೆಫಿನಿಷನ್ ಆಫ್ ಡನ್‌ಗೆ (ಕೆಲಸ ಮುಗೀತು ಅನ್ನೋಕೆ ಏನೇನ್ ಆಗಿರ್ಬೇಕು ಅನ್ನೋ ಪಟ್ಟಿ). ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೋಡನ್ನ ತಾನಾಗೇ ಬಿಲ್ಡ್, ಟೆಸ್ಟ್ ಮಾಡೋ ಪೈಪ್‌ಲೈನಲ್ಲೇ ಚೆಕ್ ಹಾಕೋಕಾದ್ರೆ ಅದಕ್ಕಿಂತ ಬೇಕಾ, ಮನುಷ್ಯರು ನೆನಪಿಟ್ಕೊಳ್ಳೋ ಗೋಜೇ ಇಲ್ಲ.

ಇದಕ್ಕೆಲ್ಲ ಕೆಲಸ ಇದೆಯಲ್ಲ, ಅದು ಮಾಮೂಲಿ ಟಿಕೆಟ್ಟಾಗಿ ಅದೇ ಬ್ಯಾಕ್‌ಲಾಗಲ್ಲಿ (ಮಾಡ್ಬೇಕಾದ ಕೆಲಸದ ಪಟ್ಟಿ) ಬರ್ಬೇಕು, ಒಬ್ಬರ ಹೆಸರಲ್ಲಿ. "ಟೀಮ್" ಅಂತ ಅಸೈನ್ ಮಾಡಿದ್ರೆ ಯಾರೂ ಮಾಡಲ್ಲ. ಸ್ಪ್ರಿಂಟ್, ರೆಟ್ರೋ ಇರೋ ಸ್ಕ್ರಮ್ ಪದ್ಧತಿಯ ನಿಯಮ ಹೇಳೋ 2017ರ ಸ್ಕ್ರಮ್ ಗೈಡಲ್ಲಿ ಹಿಂದಿನ ರೆಟ್ರೋದ ಒಂದು ಮುಖ್ಯ ಸುಧಾರಣೆಯಾದ್ರೂ ಸ್ಪ್ರಿಂಟ್ ಬ್ಯಾಕ್‌ಲಾಗಲ್ಲಿ ಇರ್ಲೇಬೇಕು ಅಂತಿತ್ತು, 2020ರ ಆವೃತ್ತೀಲಿ ಅದನ್ನ ಸಡಿಲ ಮಾಡಿ ಬೇಕಾದ್ರೆ ಸೇರಿಸ್ಬಹುದು ಅಂತ ಮಾಡಿದ್ರು. ನನ್ನ ಕೇಳಿದ್ರೆ ಹಳೇ ರೂಲೇ ವಾಸಿ. ಜಿರಾದಲ್ಲಿ ಈ ಟಿಕೆಟ್ಟಿಗೆಲ್ಲ ರೆಟ್ರೋ ಅಂತ ಒಂದು ಲೇಬಲ್ ಹಾಕಿ, ಮುಗಿದಿಲ್ದೇ ಇರೋದನ್ನ ಮಾತ್ರ ತೋರಿಸೋ ಫಿಲ್ಟರ್ ಸೇವ್ ಮಾಡಿಟ್ಕೊಳ್ಳಿ, ಮುಂದಿನ ರೆಟ್ರೋದ ಮೊದಲ 5 ನಿಮಿಷ ಆ ಫಿಲ್ಟರನ್ನೇ ಸ್ಕ್ರೀನ್ ಮೇಲೆ ಹಾಕಿ. ಅಲ್ಲಿ 6 ಓಪನ್ ಇದ್ರೆ ಹೊಸದು ತಗೊಳ್ಳೋ ಬದಲು ಹಳೇದನ್ನ ಮುಗಿಸಿ ಅಥವಾ ಮಾಡಲ್ಲ ಅಂತ ನೇರವಾಗಿ ಕ್ಲೋಸ್ ಮಾಡಿ.

ಎಐ ಸಾರಾಂಶದ ಬಗ್ಗೆ

ಈಗ ಬೋರ್ಡ್ ಟೂಲುಗಳಲ್ಲಿ ಕಾರ್ಡುಗಳನ್ನ ತಾನೇ ಗುಂಪು ಮಾಡಿ ಸಾರಾಂಶ ಬರೆಯೋ ಎಐ ಬಂದಿದೆ. ಗುಂಪು ಮಾಡೋಕೆ ಪರವಾಗಿಲ್ಲ, 40 ಕಾರ್ಡ್ ಇದ್ರೆ ಟೈಮ್ ಉಳಿಯುತ್ತೆ. ಪಾಠ ಬರೆಯೋಕೆ ಮಾತ್ರ ಬಿಡ್ಬೇಡಿ, ಆ 4 ದಿನ ಕಾದಿದ್ದು, ಟೆಸ್ಟ್ ಡೇಟಾ ಇವೆಲ್ಲ ಸೋರಿಹೋಗಿ "ತಂಡಗಳ ನಡುವೆ ಸಂವಹನ ಸುಧಾರಿಸ್ಬೇಕು" ಅಂತ ನುಣ್ಣಗೆ ಒಂದು ವಾಕ್ಯ ಬಂದುಬಿಡುತ್ತೆ. ಮೀಟಿಂಗ್ ರೆಕಾರ್ಡ್ ಮಾಡಿ ಟ್ರಾನ್ಸ್‌ಕ್ರಿಪ್ಟ್ ತೆಗೆಯೋದಂತೂ ಬೇಡ್ವೇ ಬೇಡ, ರೆಕಾರ್ಡಿಂಗ್ ಆನ್ ಇದ್ರೆ ಯಾರೂ ಮನಸ್ಸು ಬಿಚ್ಚಿ ಮಾತಾಡಲ್ಲ.

ಇನ್ನು ಲಾಗಿನ ಸಫಾಯಿ. 3 ತಿಂಗಳಿಗೊಂದ್ಸಲ ಇಬ್ಬರು ಕೂತು ಮೇಲಿಂದ ಕೆಳಗೆ ಓದಿ, ಚೆಕ್‌ಲಿಸ್ಟಿಗೋ ಪೈಪ್‌ಲೈನಿಗೋ ಸೇರಿದ್ದನ್ನ ಆರ್ಕೈವ್ ಮಾಡಿ, ಬಳಕೇಲಿ ಇಲ್ಲದ ಸಿಸ್ಟಮ್ಮಿನ ಪಾಠ ತೆಗೆದುಹಾಕಿ. ಒಂದೇ ಟ್ಯಾಗ್ 3ಕ್ಕಿಂತ ಜಾಸ್ತಿ ಸಲ ಬಂದಿದ್ರೆ ಅದನ್ನ ಟೀಮೇ ಸರಿ ಮಾಡ್ಕೊಳ್ಳೋಕಾಗ್ತಿಲ್ಲ ಅಂತರ್ಥ, ಆ ಸಾಲುಗಳನ್ನೇ ಫಿಲ್ಟರ್ ಮಾಡಿ ಮ್ಯಾನೇಜರ್ ಮುಂದೆ ಇಡಿ, ಬೇರೆ ಪ್ರೆಸೆಂಟೇಷನ್ ಮಾಡೋ ಅಗತ್ಯ ಇಲ್ಲ.