ವಿಮಾನ ಪ್ರಯಾಣದ ಸಮಯಕ್ಕೆ ಒಂದು ಬಾಯಿಲೆಕ್ಕ

ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ದೂರವನ್ನು ಕಿ.ಮೀ.ನಲ್ಲಿ ತಗೊಂಡು 800ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. ಪ್ರಯಾಣದ ಸಮಯ ಹೆಚ್ಚುಕಮ್ಮಿ ಸಿಕ್ಕಿಬಿಡುತ್ತೆ. ಬೆಂಗಳೂರಿಂದ ದೆಹಲಿ ಸುಮಾರು 1,700 ಕಿ.ಮೀ., ಅಂದರೆ ಎರಡು ಗಂಟೆ ನಲವತ್ತು ನಿಮಿಷದ ಹತ್ತಿರ. ಮೇಲೇರಿದ ಜೆಟ್ ಗಂಟೆಗೆ 800ರಿಂದ 850 ಕಿ.ಮೀ. ಹೋಗುತ್ತೆ, ಅರ್ಧ ಗಂಟೆ ರನ್‌ವೇವರೆಗೆ ನಿಧಾನಕ್ಕೆ ಉರುಳೋದು, ಏರೋದು, ಇಳಿಯೋದಕ್ಕೆ. ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನಕ್ಕೆ ಇದು ಸಲ್ಲೋದಿಲ್ಲ, ಅದರ ವೇಗ 500ರ ಆಸುಪಾಸು. ದೂರದ ಪಶ್ಚಿಮ ದೇಶಗಳಿಗೆ ಹೋಗುವಾಗ ಎದುರುಗಾಳಿಗೆ ಇನ್ನಷ್ಟು ಹೊತ್ತು ಹಿಡಿಯಬಹುದು. ಟಿಕೆಟ್‌ನಲ್ಲಿರೋದು ಆಯಾ ಊರಿನ ಗಡಿಯಾರ ಅನ್ನೋದು ಮರೀಬೇಡಿ: ಬೆಂಗಳೂರು 10:00, ದುಬೈ 12:30 ಅಂತಿದ್ದರೆ ಪ್ರಯಾಣ ಎರಡೂವರೆ ಗಂಟೆಯಲ್ಲ, ನಾಲ್ಕು; ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುತ್ತೆ. ಹಿರಿಯರ ಮಾತ್ರೆ, ಮಗುವಿನ ಹಾಲು ಆ ನಾಲ್ಕು ಗಂಟೆಯ ಲೆಕ್ಕದಲ್ಲೇ ಕೈಚೀಲದಲ್ಲಿಟ್ಟುಕೊಳ್ಳಿ.